ಮೂರು ಮೂತಿಯ ಕಾರ್ಬೊರೇಟರ್

ನಮ್ಮ ಜೀಪು ಕೆಟ್ಟದ್ದೂ ನನ್ನ ಗಂಡನ ಕಾಲು ಮುರಿದದ್ದೂ ಒಂದೇ ವಾರದಲ್ಲಿ. ಮೊದಲು ಕೆಟ್ಟದ್ದು ಜೀಪು. ಅದರ ಕಾರ್ಬೊರೇಟರ್ ಬುಡದಲ್ಲಿ ಸೀಳಿ ಪೆಟ್ರೋಲು ಜಿನುಗತೊಡಗಿದಾಗ ಅವರು ಸಿರುಗುಪ್ಪದಿಂದ ಬಸ್ಸು ಹತ್ತಿ ಬಳ್ಳಾರಿಗೆ ಹೋದರು. ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದರೂ ಕಂಪನಿಯದು ಸಿಗಲಿಲ್ಲ. ಹೊರಗಿನವರು ಮಾಡಿದ್ದೊಂದು ಸಿಕ್ಕಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು, ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದರು. ಮರುದಿನ ಅದನ್ನು ಕೂರಿಸುವ ಮುಂಚೆ ಜೀಪಿನ ಮೇಲಿನ ತಾಡಪಾಲು ಬಿಚ್ಚೋಣವೆಂದು ಹತ್ತಿದವರು ಜಾರಿ ಅಂಗಳದ ಬಂಡೆಯ ಮೇಲೆ ಬಿದ್ದರು. ಬಳ್ಳಾರಿಯ ದೊಡ್ಡ ದವಾಖಾನೆಯಿಂದ ತೊಡೆಯಿಂದ ಪಾದದ ತನಕ ಬಿಳೀ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ, ಜೀಪು ಬೇವಿನ ಮರದ ಕೆಳಗೆ ಬಾನೆಟ್ಟು ತೆರೆದುಕೊಂಡು ಹಾಗೆಯೇ ನಿಂತಿತ್ತು.

ಅದು ಹಳೆಯ ಪೆಟ್ರೋಲ್ ಜೀಪು. ಹಚ್ಚೊಳ್ಳಿ, ರಾರಾವಿ, ತೆಕ್ಕಲಕೋಟೆ ಕಡೆಗೆ ಜನರನ್ನು, ಬೀಜದ ಚೀಲಗಳನ್ನು, ಮದುವೆಯ ಪಾತ್ರೆಗಳನ್ನು ಹೊತ್ತೊಯ್ಯುವುದು ಅದರ ಕೆಲಸ. ನಮ್ಮ ಮನೆ ನಡೆಯುತ್ತಿದ್ದದ್ದೇ ಅದರಿಂದ. ಗಂಡನ ಅಣ್ಣ, ಅಂದರೆ ನನ್ನ ಬಾವನವರು, ಕುರುಗೋಡಿನಲ್ಲಿ ಹೊಲ ಮಾಡಿಕೊಂಡಿದ್ದರು. ತಮ್ಮನಾದವನು ಎತ್ತು ಕಟ್ಟುವುದನ್ನು ಬಿಟ್ಟು ಮೋಟಾರು ಕಟ್ಟಿಕೊಂಡ ಎಂಬುದು ಅವರಿಗೆ ಮೊದಲಿನಿಂದಲೂ ಬೇಸರದ ವಿಷಯ. ಕಾಲು ಮುರಿದ ಸುದ್ದಿ ಕೇಳಿ ಬಂದವರು ಹೊರಸಿನ ಪಕ್ಕದಲ್ಲಿ ಕುಳಿತು ಹೇಳಿದರು:

"ನೋಡಪಾ, ಕುರುಗೋಡಿನ್ಯಾಗ ಒಬ್ಬ ಸಾವಕಾರ ಅದಾನ. ಎಂಜಿನ್ ಬಿಚ್ಕೊಂಡು ನೀರೆತ್ತಾಕ ಹಚ್ತಾನಂತ. ನಾ ಮಾತಾಡೀನಿ. ಬರೋ ಸೋಮಾರ ಟ್ರ್ಯಾಕ್ಟರ್ ತಂದು ಎಳಕೊಂಡು ಹೋಗ್ತೀನಿ."

"ಅಣ್ಣಾ, ಕಾಲು ನೆಟ್ಟಗಾದ್ ಮ್ಯಾಲ ನಾನ ರಿಪೇರಿ ಮಾಡ್ಕೊಂತೀನಿ."

"ಕಾಲು ಯಾವಾಗ ನೆಟ್ಟಗಾಗಬೇಕು, ನೀ ಯಾವಾಗ ರಿಪೇರಿ ಮಾಡಬೇಕು? ಅಲ್ಲೀಗಂಟ ಏನು ತಿಂತೀರಿ?"

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಮ್ಮನ ಮೇಲಿನ ಕಾಳಜಿಯಿಂದಲೇ ಆಡಿದ ಮಾತು. ಆದರೆ ಅವರು ಹೋದ ಮೇಲೆ ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದವರು ಊಟಕ್ಕೆ ಕರೆದರೂ ತಿರುಗಲಿಲ್ಲ. ಅವರನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು.

ಊರಿನ ಮೆಕ್ಯಾನಿಕ್ಕನ್ನು ಕರೆಸಿದೆವು. ಅವನು ಹೊಸ ಕಾರ್ಬೊರೇಟರನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದ. "ಹಳೇದಕ್ಕ ಎರಡು ಪೈಪು. ಇದಕ್ಕ ಮೂರು ಮೂತಿ. ಯಾವುದಕ್ಕ ಯಾವುದು ಅಂತ ನನಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ. ಕಂಪನೀದು ತರ್ರಿ, ಕುಂದ್ರಿಸಿ ಕೊಡ್ತೀನಿ. ಇದಕ್ಕ ನಾ ಕೈ ಹಚ್ಚಂಗಿಲ್ಲ" ಎಂದು ನೇರವಾಗಿ ಹೇಳಿ ಹೋದ. ನಾಟಿಯ ಕಾಲ. ಅವನ ಬಾಗಿಲಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಅವನನ್ನು ದೂರುವಂತಿರಲಿಲ್ಲ.

ಅವನು ಹೋದ ಮೇಲೆ ನಾನು ಆ ಕಾರ್ಬೊರೇಟರನ್ನು ಕೈಗೆತ್ತಿಕೊಂಡೆ. ಒಳ್ಳೇ ಭಾರವಿತ್ತು. ಮೈಯಿಂದ ಮೂರು ಸಣ್ಣ ಹಿತ್ತಾಳೆಯ ಕೊಳವೆಗಳು ಹೊರಚಾಚಿದ್ದವು. ಅವನ್ನೇ ಮೆಕ್ಯಾನಿಕ್ಕು ಮೂತಿ ಎಂದದ್ದು. ಒಂದು ಬುಡದಲ್ಲಿ, ಒಂದು ಸ್ವಲ್ಪ ಮೇಲೆ, ಇನ್ನೊಂದು ಹಿಂಬದಿಯಲ್ಲಿ.

"ಏನ್ರೀ," ಎಂದೆ, "ನೀವು ಹೊರಸಿನ ಮ್ಯಾಲೆ ಕುಂತು ಹೇಳ್ರಿ. ನಾ ಕೂಡಿಸ್ತೀನಿ."

ಅವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ನೀನಾ?"

"ನಾನ. ಯಾಕ, ನನಗ ಕೈ ಇಲ್ಲೇನು?"

ತವರುಮನೆ ರಾರಾವಿಯಲ್ಲಿ ನಾನು ಅಪ್ಪನ ಟ್ರ್ಯಾಕ್ಟರನ್ನು ಗದ್ದೆಯಲ್ಲಿ ಓಡಿಸಿದವಳು. ಅದು ಗೊತ್ತಿದ್ದೇ ನನ್ನ ಗಂಡ ಹಿಂದಿನ ತಿಂಗಳು ಬಳ್ಳಾರಿಗೆ ಕರೆದೊಯ್ದು ನನಗೆ ಡ್ರೈವಿಂಗ್ ಕಲಿಯುವ ಲೈಸೆನ್ಸು ಮಾಡಿಸಿದ್ದರು. ಸಂಜೆ ಹೊತ್ತು ಕಾಲುವೆಯ ಏರಿಯ ಮೇಲೆ ಜೀಪು ಹೊಡೆಯಲು ಕಲಿಸುತ್ತಿದ್ದರು. ಆದರೆ ಓಡಿಸುವುದು ಬೇರೆ, ಬಾನೆಟ್ಟಿನ ಕೆಳಗೆ ತಲೆ ಹಾಕುವುದು ಬೇರೆ. ಅವರು ಕಾರ್ಬೊರೇಟರನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುವಿ ನೋಡಿದರು. ಆಮೇಲೆ, "ಹೊರಸು ಹೊರಗ ಹಾಕ್ರಿ" ಎಂದರು.

ಬೆಳಿಗ್ಗೆ ಅತ್ತೆಯವರೂ ನಾನೂ ಹೊರಸನ್ನು ಬೇವಿನ ಮರದ ಕೆಳಗೆ ಎಳೆದು ಜೀಪಿನ ಮಗ್ಗುಲಿಗೆ ಹಾಕಿದೆವು. ಅವರನ್ನು ಇಬ್ಬರೂ ಹಿಡಿದು ತಂದು ದಿಂಬಿಗೆ ಒರಗಿಸಿ ಕೂರಿಸಿದೆವು. ನಾನು ಸೆರಗನ್ನು ಸೊಂಟಕ್ಕೆ ಬಿಗಿದು, ಜಡೆಯನ್ನು ತುರುಬು ಕಟ್ಟಿ, ನಟ್ಟು ಬಿಚ್ಚುವ ಪಾನಾ ಹಿಡಿದೆ.

ಹಳೆಯದನ್ನು ಬಿಚ್ಚುವುದು ಕಷ್ಟವಾಗಲಿಲ್ಲ. ಹೊಸದರ ಕೆಳಗೆ ಹೊಸ ಪ್ಯಾಕಿಂಗ್ ಇಟ್ಟು ನಟ್ಟುಗಳನ್ನು ಬಿಗಿದೆ. "ಒಂದ ಕಡೆ ಪೂರ್ತಿ ಬಿಗೀಬ್ಯಾಡ, ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು" ಎಂದು ಅವರು ಹೊರಸಿನಿಂದಲೇ ಕೂಗುತ್ತಿದ್ದರು. ಎಕ್ಸಲೇಟರಿನ ಕಡ್ಡಿ ಸಿಕ್ಕಿಸಿದೆ, ಪೆಟ್ರೋಲ್ ಪೈಪು ಹಾಕಿದೆ. ಉಳಿದದ್ದು ಎರಡು ತೆಳ್ಳನೆಯ ರಬ್ಬರ್ ಪೈಪುಗಳು ಮತ್ತು ಮೂರು ಮೂತಿಗಳು.

"ಈ ಪೈಪಿನ್ಯಾಗ ಏನು ಹರೀತೈತ್ರಿ?" ಎಂದು ಕೇಳಿದೆ.

"ಏನೂ ಹರಿಯಂಗಿಲ್ಲ. ಎಂಜಿನ್ ಗಾಳಿ ಜಗ್ಗತೈತಲ್ಲ, ಆ ಜಗ್ಗುವಿಕೀನ ಈ ಪೈಪಿನ್ಯಾಗ ಇರೋದು. ಒಂದು ವೈಪರಿಗೆ ಹೋಗ್ತೈತಿ, ಅದರಿಂದ ವೈಪರ್ ಆಡ್ತೈತಿ. ಇನ್ನೊಂದು ಡಿಸ್ಟ್ರಿಬ್ಯೂಟರಿಗೆ. ಗಾಡಿ ಓಡುವಾಗ ಕಿಡಿ ಚೂರು ಮುಂಚೆ ಹಾರಬೇಕು, ಆ ಕೆಲಸ ಅದು ಮಾಡ್ತೈತಿ."

"ಮೂರನೇದು?"

ಅವರು ತಲೆ ಕೆರೆದುಕೊಂಡರು. "ಅದು ಬ್ಯಾರೆ ಯಾವುದೋ ಗಾಡಿಗೆ ಇರಬೇಕು. ನಮ್ಮ ಹಳೇದ್ರಾಗ ಡಿಸ್ಟ್ರಿಬ್ಯೂಟರಿಂದು ಬುಡದಾಗಿತ್ತು. ಇದಕ್ಕೂ ಬುಡದ ಮೂತಿಗೆ ಹಾಕು. ವೈಪರಿಂದು ಮ್ಯಾಲಿನ ಮೂತಿಗೆ ಹಾಕು."

ಹಾಗೆಯೇ ಹಾಕಿದೆ. ಎಂಜಿನ್ ಚಾಲೂ ಮಾಡಿ ಎಕ್ಸಲೇಟರ್ ಹಿಡಿಯಲು ಒಬ್ಬರು ಬೇಕಾಗಿತ್ತು. ನಾನು ಬಾನೆಟ್ಟಿನ ಹತ್ತಿರ ನಿಲ್ಲಬೇಕು, ಅವರು ಏಳುವಂತಿಲ್ಲ. ಇಬ್ಬರೂ ಅತ್ತೆಯವರ ಕಡೆ ನೋಡಿದೆವು. ಅವರು ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು.

"ನಾನಾ? ಯವ್ವ, ಒಲ್ಲೆ!" ಎಂದರು ಮೊದಲು. ಮರುಕ್ಷಣವೇ ಮೊರ ಕೆಳಗಿಟ್ಟು, ಕೈಯ ಧೂಳು ಸೆರಗಿಗೆ ಒರೆಸಿಕೊಂಡು, ಜೀಪು ಹತ್ತಿ ಚಾಲಕನ ಸೀಟಿನಲ್ಲಿ ಕುಳಿತೇಬಿಟ್ಟರು. ಇಳಕಲ್ ಸೀರೆಯ ನೆರಿಗೆ ಸರಿಸಿ ಬರಿಗಾಲನ್ನು ಪೆಡಲಿನ ಮೇಲಿಟ್ಟು, "ಇದನ್ನ ತುಳಿಯಬೇಕೇನು?" ಎಂದು ಕೇಳಿದರು. ಗೇರು ಬಿಡಿಸಿದೆಯೇ, ಕೈಬ್ರೇಕು ಎಳೆದಿದೆಯೇ ಎಂದು ನಾನು ಮತ್ತೊಮ್ಮೆ ನೋಡಿಕೊಂಡೆ.

ಎಂಜಿನ್ ಚಾಲೂ ಆಯಿತು. ಆದರೆ ಅತ್ತೆ ಕಾಲು ತೆಗೆದ ಕೂಡಲೇ ಎಂಜಿನ್ನಿನ ಸದ್ದು ಏರುತ್ತ, ಇಳಿಯುತ್ತ, ಕೆಮ್ಮುತ್ತ ಹೋಗಿ ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿದೆವು. ಮತ್ತೆ ಅದೇ. ಕಾರ್ಬೊರೇಟರಿನ ಹಿಂದುಗಡೆಯಿಂದ ಹಾವು ಬುಸುಗುಟ್ಟಿದಂತೆ ಸದ್ದು ಬರುತ್ತಿತ್ತು.

"ಏನೋ ಬುಸ್ ಅಂತೈತ್ರಿ!"

"ಖಾಲಿ ಇರೋ ಮೂತಿ ಗಾಳಿ ಜಗ್ಗತೈತಿ. ಬಂದು ಮಾಡು ಅದನ್ನ."

ಅವರಿಗೆ ಚುಚ್ಚಿದ ಇಂಜೆಕ್ಷನ್ನಿನ ಖಾಲಿ ಸೀಸೆಗಳು ಕಿಟಕಿಯಲ್ಲಿದ್ದವು. ಒಂದರ ರಬ್ಬರ್ ಬಿರಡೆಯನ್ನು ಕಿತ್ತು, ಹಿಂಬದಿಯ ಮೂತಿಗೆ ತೊಡಿಸಿ, ಕಳಚದಂತೆ ತಂತಿಯಿಂದ ಬಿಗಿದೆ. ಬುಸುಗುಟ್ಟುವುದು ನಿಂತಿತು. ಈ ಸಲ ಎಂಜಿನ್ ಆರಲಿಲ್ಲ. ಆದರೆ ಸುಮ್ಮನೆ ನಿಂತಾಗಲೇ ಜೋರಾಗಿ ಅರಚುತ್ತಿತ್ತು. ಅವರು ಹೇಳಿದಂತೆ ಸ್ಕ್ರೂ ತಿರುಗಿಸಿ ವೇಗ ತಗ್ಗಿಸಿದೆ. ಆಗ ಅತ್ತೆ ಎಕ್ಸಲೇಟರ್ ತುಳಿದರೆ ಗಕ್ಕೆಂದು ಮುಗ್ಗರಿಸಿ ಆರಿಹೋಗುತ್ತಿತ್ತು. ವೈಪರ್ ಅಂತೂ ಸತ್ತಂತೆ ಮಲಗಿತ್ತು.

ಮಧ್ಯಾಹ್ನದವರೆಗೂ ಇದೇ ನಡೆಯಿತು. ಸ್ಕ್ರೂ ಈ ಕಡೆ, ಸ್ಕ್ರೂ ಆ ಕಡೆ. ಅವರಿಗೆ ಸಿಟ್ಟು, ನನಗೆ ಸಿಟ್ಟು. "ಬುಡದ ಮೂತಿಗೇ ಹಾಕೀ ಹೌದಲ್ಲ?" ಎಂದು ಅವರು ಮತ್ತೆ ಮತ್ತೆ ಕೇಳಿದಾಗ ನಾನು ಪಾನಾವನ್ನು ಹೊರಸಿನ ಮೇಲೆ ಎಸೆದು ಒಳಗೆ ಹೋದೆ. ಅತ್ತೆಯವರು ಹಿಂದೆಯೇ ಬಂದು, ರೊಟ್ಟಿ ಬಡಿಯುತ್ತ, "ನೀ ಒಳಗ ಬಂದ್ರ ನಾ ಅಲ್ಲಿ ಏನು ತುಳೀಲಿ?" ಎಂದರು. ನಗು ಬಂತು. ಉಂಡು ಮತ್ತೆ ಹೊರಗೆ ಬಂದೆ.

ಊಟದ ಹೊತ್ತಿನಲ್ಲೇ ಒಂದು ವಿಚಾರ ಹೊಳೆದಿತ್ತು. ಆ ಪೈಪಿನಲ್ಲಿರುವುದು ಬರೀ ಜಗ್ಗುವಿಕೆಯಾದರೆ, ಅದನ್ನು ಮುಟ್ಟಿ ನೋಡಬಹುದಲ್ಲ? ತವರಿನಲ್ಲಿ ಎಳೆಗರುವಿಗೆ ಬಟ್ಟಲಿನ ಹಾಲು ರೂಢಿ ಮಾಡಿಸುವಾಗ ಬೆರಳು ಅದ್ದಿ ಬಾಯಿಗೆ ಕೊಡುತ್ತಿದ್ದೆ. ಎಷ್ಟು ಜೋರಾಗಿ ಚೀಪುತ್ತದೆ ಎಂಬುದರಲ್ಲೇ ಕರುವಿನ ಹಸಿವು ತಿಳಿಯುತ್ತಿತ್ತು.

ಎರಡೂ ಪೈಪು ಕಿತ್ತು ಎಂಜಿನ್ ಚಾಲೂ ಮಾಡಿಸಿದೆ. ತಿರುಗುವ ಫ್ಯಾನಿನಿಂದ ಕೈ ದೂರವಿಟ್ಟುಕೊಂಡು ಬುಡದ ಮೂತಿಗೆ ಒಂದು ಬೆರಳಿಟ್ಟೆ. ತಟ್ಟನೆ ಕಚ್ಚಿ ಹಿಡಿಯಿತು. ಮೇಲಿನ ಮೂತಿಗೆ ಇನ್ನೊಂದು ಬೆರಳಿಟ್ಟೆ. ಏನೂ ಇಲ್ಲ, ತಣ್ಣಗೆ ಸುಮ್ಮನಿತ್ತು.

"ಅತ್ತಿ, ಚೂರು ತುಳೀರಿ!"

ಅತ್ತೆ ತುಳಿದರು. ಮೇಲಿನ ಮೂತಿ ಮೆಲ್ಲಗೆ ಎಚ್ಚರಗೊಂಡು ಬೆರಳನ್ನು ಚೀಪತೊಡಗಿತು. "ಬಿಡ್ರಿ!" ಅಂದೆ. ಬಿಟ್ಟರು. ಅದೂ ಬಿಟ್ಟಿತು. ಮತ್ತೆ ತುಳಿಸಿದೆ, ಮತ್ತೆ ಬಿಡಿಸಿದೆ. ತಪ್ಪದೆ ಅದೇ ಆಯಿತು.

"ಏನ್ರೀ! ಬುಡದ್ದು ಯಾವಾಗಲೂ ಜಗ್ಗತೈತಿ. ಮ್ಯಾಲಿಂದು ಎಕ್ಸಲೇಟರ್ ತುಳಿದ್ರ ಅಷ್ಟ ಜಗ್ಗತೈತಿ!"

ಅವರು ದಿಂಬು ಬಿಟ್ಟು ನೆಟ್ಟಗೆ ಕುಳಿತರು. "ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವರ ಮುಖದಲ್ಲಿ ಒಂದು ವಾರದಿಂದ ಇಲ್ಲದ ಬೆಳಕು ಬಂತು. "ಹಂಗಾರ ಉಲ್ಟಾ ಆತು! ಡಿಸ್ಟ್ರಿಬ್ಯೂಟರಿಗೆ ನಿಂತಾಗ ಜಗ್ಗುವಿಕಿ ಇರಬಾರದು, ಓಡುವಾಗ ಇರಬೇಕು. ವೈಪರಿಗೆ ಯಾವಾಗಲೂ ಬೇಕು. ಹಳೇದ್ರಾಗ ಮೂತಿ ಬುಡದಾಗ ಇದ್ರೂ ಒಳಗಿನ ತೂತು ಮ್ಯಾಲೆ ಇತ್ತು ಕಾಣ್ತೈತಿ. ನಾ ಹೊರಗಿನ ಜಾಗ ನೋಡಿ ಹೇಳಿಬಿಟ್ಟೆ. ಬದಲು ಮಾಡು, ಬದಲು ಮಾಡು!"

ಬದಲು ಮಾಡಿದೆ. ಎಕ್ಸಲೇಟರ್ ತುಳಿದರೆ ಎಂಜಿನ್ ಮುಗ್ಗರಿಸದೆ ಸರಾಗವಾಗಿ ಏರಿತು. ಆದರೆ ಕಾಲು ತೆಗೆದಾಗ ಇನ್ನೂ ಸ್ವಲ್ಪ ಏರಿಳಿತವಿತ್ತು. ಎಲ್ಲೋ ಕದ್ದು ಗಾಳಿ ಒಳಗೆ ಹೋಗುತ್ತಿದೆ ಎಂದರು ಅವರು. "ಊದಿನಕಡ್ಡಿ ಹಚ್ಚಿ ಹಿಡಿ. ಹೊಗಿ ಎಲ್ಲಿ ಒಳಗ ಹೋಗ್ತೈತಿ ನೋಡು."

"ಪೆಟ್ರೋಲ್ ಮುಂದ ಬೆಂಕಿ? ಕಾಲು ಮುರಕೊಂಡಿದ್ದು ಸಾಲಲಿಲ್ಲೇನು ನಿಮಗ?"

ಮನೆಯಲ್ಲಿ ದೀಪದ ಬತ್ತಿಗೆಂದು ತಂದ ಅರಳೆಯಿತ್ತು. ಅದರ ಒಂದು ಎಳೆಯನ್ನು ಕಡ್ಡಿಯ ತುದಿಗೆ ಬಿಗಿಯಾಗಿ ಸುತ್ತಿ, ಉಳಿದ ತುದಿಯನ್ನು ಇಳಿಬಿಟ್ಟೆ. ಫ್ಯಾನಿನ ಗಾಳಿಗೆ ಅದು ಹಾರಾಡುತ್ತಿತ್ತು. ಆದ್ದರಿಂದ ಎಂಜಿನ್ ಆರಿಸಿ ಫ್ಯಾನಿನ ಬೆಲ್ಟು ಕಳಚಿ, ಎಂಜಿನ್ ಅತಿಯಾಗಿ ಬಿಸಿಯಾಗುವ ಮೊದಲೇ ನೋಡಿಬಿಡಬೇಕೆಂದು ಮತ್ತೆ ಚಾಲೂ ಮಾಡಿಸಿದೆ. ಕಡ್ಡಿಯನ್ನು ಒಂದೊಂದು ಕೂಡಿಕೆಯ ಹತ್ತಿರ ಹಿಡಿಯುತ್ತ ಹೋದೆ. ವೈಪರ್ ಪೈಪು ಬುಡದ ಮೂತಿಗೆ ಸೇರುವಲ್ಲಿ ಅರಳೆಯ ಎಳೆ ನೆಟ್ಟಗೆ ಒಳಮುಖವಾಗಿ ವಾಲಿ ಅಂಟಿಕೊಂಡಿತು. ಹಳೆಯ ಪೈಪಿನ ಬಾಯಿ ಗಟ್ಟಿಯಾಗಿ ಅಗಲಗೊಂಡಿತ್ತು, ಹೊಸ ಮೂತಿ ಅದಕ್ಕಿಂತ ಸಣ್ಣದು. ಪೈಪಿನ ತುದಿಯನ್ನು ಕತ್ತರಿಸಿ, ಸೈಕಲ್ಲಿನ ವಾಲ್ವಿಗೆ ತೊಡಿಸುವ ಸಣ್ಣ ರಬ್ಬರ್ ಟ್ಯೂಬನ್ನು ಮೊದಲು ಮೂತಿಗೆ ಏರಿಸಿ, ಅದರ ಮೇಲೆ ಪೈಪು ತೂರಿಸಿ, ತಂತಿ ಬಿಗಿದೆ. ಬೆಲ್ಟು ಹಾಕಿದೆ.

ಮತ್ತೆ ಎಂಜಿನ್ ಚಾಲೂ ಮಾಡಿಸಿದೆ. ಅತ್ತೆ ಕಾಲು ತೆಗೆದರು. ಅದು ಒಂದೇ ಸಮನೆ, ಒಂದೇ ಲಯದಲ್ಲಿ, ಊಟವಾದ ಮೇಲೆ ಮಲಗಿದವರ ಉಸಿರಿನಂತೆ ನಡೆಯತೊಡಗಿತು. ನನ್ನ ಗಂಡ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಕೈ ಚಾಚಿ ವೈಪರಿನ ಗುಂಡಿ ತಿರುಗಿಸಿದೆ. ಒಂದು ತುಣುಕು ಮೋಡವೂ ಇಲ್ಲದ ಆಕಾಶದ ಕೆಳಗೆ, ಧೂಳು ತುಂಬಿದ ಗಾಜಿನ ಮೇಲೆ ವೈಪರ್ ಕಿರ್ರ್ ಎಂದು ಆ ಕಡೆ ಈ ಕಡೆ ಆಡಿತು. ಗಾಜಿನ ಹಿಂದೆ ಅತ್ತೆಯವರ ಮುಖ ಅರ್ಧ ಸ್ವಚ್ಛವಾಗಿ ಕಂಡಿತು. ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು.

"ಭೇಷ್!" ಎಂದರು ನನ್ನ ಗಂಡ. ಆಮೇಲೆ ಅದನ್ನೇ ಇನ್ನೊಮ್ಮೆ, ಜೋರಾಗಿ, ಬೀದಿಗೆ ಕೇಳುವ ಹಾಗೆ: "ಭೇಷ್ ನನ್ನ ರಾಣಿ!" ತಮ್ಮ ಅವ್ವನ ಎದುರಿಗೆ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನನಗೆ ನಾಚಿಕೆಯಾಗಿ ಬಾನೆಟ್ಟು ಮುಚ್ಚಿದೆ.

ಸೋಮವಾರ ಬೆಳಿಗ್ಗೆ, ಟ್ರ್ಯಾಕ್ಟರ್ ಬರುವ ಮೊದಲೇ ನಾವೇ ಕುರುಗೋಡಿಗೆ ಹೋಗಿಬಿಡೋಣ ಎಂದವರು ಅತ್ತೆ. "ನನ್ನ ದೊಡ್ಡ ಮಗ ಕಣ್ಣಾರೆ ನೋಡ್ಲಿ" ಎಂದರು. ಮುಂದೆಯೂ ಹಿಂದೆಯೂ ಕೆಂಪು ಅಕ್ಷರದ ಕಲಿಕೆಯ ಬೋರ್ಡು ಕಟ್ಟಿದೆವು. ಪಕ್ಕದ ಸೀಟಿನಲ್ಲಿ ಗಂಡ ಕುಳಿತರು. ಅವರ ಪ್ಲಾಸ್ಟರ್ ಕಾಲು ಬಾಗಿಲಿಲ್ಲದ ಜೀಪಿನಿಂದ ತುಸು ಹೊರಗೆ ಚಾಚಿ, ದಾರಿ ತೋರಿಸುವ ಕೈಮರದಂತೆ ಕಾಣುತ್ತಿತ್ತು. ಹಿಂದೆ ಅತ್ತೆ, ಮಡಿಲಲ್ಲಿ ರೊಟ್ಟಿಯ ಗಂಟು.

ಕಾಲುವೆಯ ಏರಿ ಬಿಟ್ಟು ಡಾಂಬರು ರಸ್ತೆಗೆ ಬಂದಾಗ ನನ್ನ ಅಂಗೈ ಬೆವೆತಿತ್ತು. ತೆಕ್ಕಲಕೋಟೆಗೆ ಬರುವಷ್ಟರಲ್ಲಿ ಒಣಗಿತ್ತು. ಎರಡೂ ಕಡೆ ಹೊಸ ನಾಟಿಯ ಗದ್ದೆಗಳು. ಬಾಗಿದ್ದ ಹೆಣ್ಣುಮಕ್ಕಳು ಸೊಂಟ ಎತ್ತಿ ನಿಂತು ನೋಡಿದರು. ಒಬ್ಬಳು "ಹೆಣಮಗಳು ಹೊಡ್ಯಾಕ ಹತ್ಯಾಳ ನೋಡ್ರೇ!" ಎಂದು ಕೂಗಿದಳು. ಇಡೀ ಸಾಲು ಕೇಕೆ ಹಾಕಿತು. ಅತ್ತೆ ಅವರಿಗೆಲ್ಲ ಮದುವೆಯ ಮೆರವಣಿಗೆಯಲ್ಲಿ ಕೂತವರಂತೆ ಕೈ ಬೀಸಿದರು.

ಕುರುಗೋಡಿನ ಕಲ್ಲುಗುಡ್ಡಗಳು ದೂರದಲ್ಲಿ ಕಾಣಿಸಿಕೊಂಡಾಗ ಎದುರಿನಿಂದ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ಮಡ್‌ಗಾರ್ಡಿನ ಮೇಲೆ ಬಿಳಿ ರುಮಾಲಿನವರೊಬ್ಬರು ಕುಳಿತಿದ್ದರು. ಅವರ ಕಾಲ ಬಳಿ ಸುರುಳಿ ಸುತ್ತಿದ ಕಬ್ಬಿಣದ ಸರಪಳಿ. ನನ್ನ ಗಂಡ ನನ್ನ ತೋಳು ಹಿಡಿದು, "ಅಣ್ಣ!" ಎಂದರು.

ನಾನು ಹಾರ್ನು ಒತ್ತಿದೆ. ಬಾವನವರು ಮೊದಲು ಸುಮ್ಮನೆ ನೋಡಿದರು, ಯಾರದೋ ಗಾಡಿ ಎಂಬಂತೆ. ಆಮೇಲೆ ಹೊರಗೆ ಚಾಚಿದ ಬಿಳಿ ಕಾಲು ಕಂಡಿರಬೇಕು. ಟ್ರ್ಯಾಕ್ಟರ್ ನಿಂತಿತು. ನಾನೂ ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ, ಎಂಜಿನ್ ಮಾತ್ರ ಆರಿಸಲಿಲ್ಲ. ಅವರು ಇಳಿದು ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಎಂಜಿನ್ನಿನ ನಡುಕವನ್ನು ಹಾಗೆಯೇ ಮುಟ್ಟಿ ನೋಡಿದರು.

"ಯಾರು ರಿಪೇರಿ ಮಾಡಿದ್ರು?"

"ಇಕೀನ" ಎಂದರು ನನ್ನ ಗಂಡ.

"ಎಕ್ಸಲೇಟರ್ ನಾ ತುಳಿದೀನಿ" ಎಂದರು ಅತ್ತೆ ಹಿಂದಿನಿಂದ.

ಬಾವನವರು ನಮ್ಮ ಮೂವರ ಮುಖವನ್ನೂ ನೋಡಿದರು. ರುಮಾಲು ತೆಗೆದು ಹಣೆ ಒರೆಸಿಕೊಂಡರು. ಆಮೇಲೆ ಅವರ ಹೊಟ್ಟೆಯೊಳಗಿಂದ ನಗು ಶುರುವಾಗಿ ಭುಜಕ್ಕೆ ಬಂತು, ಬಾಯಿಗೆ ಬಂತು. ರಸ್ತೆಯಲ್ಲಿ ನಿಂತಲ್ಲೇ ಬಾಗಿ ಬಾಗಿ ನಕ್ಕರು. ಟ್ರ್ಯಾಕ್ಟರಿನವನಿಗೆ "ಹೊಳ್ಳಿ ಹೋಗಪಾ, ಸರಪಳಿ ಕೆಲಸ ಇಲ್ಲ" ಎಂದು ಹೇಳಿ, ಅತ್ತೆಯ ಪಕ್ಕದಲ್ಲಿ ಹತ್ತಿ ಕುಳಿತರು.

ಕುರುಗೋಡಿನಲ್ಲಿ ಸಾವಕಾರರು ಬಾವನವರ ಕಟ್ಟೆಯ ಮೇಲೆ ಕಾಯುತ್ತಿದ್ದರು. ಜೀಪು ತಾನೇ ಓಡಿಕೊಂಡು ಬಂದದ್ದನ್ನು ಕಂಡು ಅವರ ಆಸೆ ಇನ್ನೂ ಹೆಚ್ಚಿತು. "ಓಡೋ ಗಾಡಿ ಅಂದ್ರ ನೀರೆತ್ತಾಕ ಯಾಕ? ಇಡೀ ಗಾಡೀನ ತಗೊಂತೀನಿ. ಮೊದಲು ಹೇಳಿದ್ದಕ್ಕಿಂತ ಜಾಸ್ತೀನ ಕೊಡ್ತೀನಿ" ಎಂದರು. ನಾನು ಬಾವನವರ ಮುಖ ನೋಡಿದೆ. ಹಿರಿಯರು ಕೊಟ್ಟ ಮಾತು, ಏನು ಹೇಳುತ್ತಾರೋ ಎಂದು ಕಾದೆ.

"ಸಾವಕಾರ್ರ, ತಪ್ಪು ತಿಳೀಬ್ಯಾಡ್ರಿ" ಎಂದರು ಬಾವನವರು. "ಕೆಟ್ಟು ನಿಂತ ಗಾಡಿ ಬಗ್ಗೆ ಮಾತಾಡಿದ್ದೆ. ಆ ಗಾಡಿ ಈಗ ಇಲ್ಲ. ಇದು ನಮ್ಮ ತಂಗೀ ಗಾಡಿ. ಕೊಡೋದು ಬಿಡೋದು ಆಕೀನ ಕೇಳ್ರಿ."

ಸಾವಕಾರರು ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ಹೇಳಿದೆ: "ಇಲ್ರಿ. ನಮಗ ಬೇಕು."

ಇಷ್ಟೇ ಹೇಳಿದ್ದು. ಆದರೆ ಮದುವೆಯಾಗಿ ಬಂದ ಮೇಲೆ ಹೊರಗಿನ ಗಂಡಸರ ಮುಂದೆ ನಾನು ಆಡಿದ ಮೊದಲ ತೀರ್ಮಾನದ ಮಾತು ಅದು. ಸಾವಕಾರರು ಚಹಾ ಕುಡಿದು, ನಗುನಗುತ್ತಲೇ ಹೋದರು. ನಾವು ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಬಾವನವರ ಹೆಂಡತಿ ಒಳಗಿನಿಂದ ಬಂದು ನನ್ನ ಕೈ ಹಿಡಿದು ನೋಡಿದರು. ಉಗುರಿನ ಸಂದಿಯ ಕರಿ ಎಣ್ಣೆ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. "ಇರ್ಲಿ ಬಿಡವ್ವ, ಮದರಂಗಿ ಅಂತ ತಿಳ್ಕೋ" ಎಂದರು.

ಊಟವಾದ ಮೇಲೆ ಬಾವನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ತಂಗೀ, ನನಗ ಬಳ್ಳಾರಿಯಾಗ ಚೂರು ಕೆಲಸ ಐತಿ. ಬಸ್ಸಿಗೆ ಹೊತ್ತು ಐತಿ. ಗಾಡ್ಯಾಗ ಬಿಡ್ತಿ ಏನು?"

ಬಳ್ಳಾರಿ ಪೇಟೆಯೊಳಗೆ ನಾನು ಎಂದೂ ಗಾಡಿ ಹೊಡೆದವಳಲ್ಲ. ಗಂಡನ ಕಡೆ ನೋಡಿದೆ. ಅವರು ಕಾಲನ್ನು ಎರಡು ಕೈಯಲ್ಲಿ ಎತ್ತಿ ಜೀಪಿನ ಕಡೆ ತಿರುಗಿಸಿಕೊಂಡರು.

ದಾರಿಯುದ್ದಕ್ಕೂ ಬಾವನವರು ಹಿಂದಿನಿಂದ, "ಎಡಕ್ಕ ಎತ್ತಿನ ಬಂಡಿ ಐತಿ ನೋಡವ್ವ... ಮುಂದ ಎಮ್ಮಿ ಅದಾವು" ಎಂದು ಹೇಳುತ್ತಲೇ ಬಂದರು. ಅತ್ತೆ ಅವರನ್ನು ಗದರಿಸುತ್ತಲೇ ಬಂದರು. ಬಳ್ಳಾರಿಯ ಗುಡ್ಡ, ಅದರ ಮೇಲಿನ ಕೋಟೆ ಹತ್ತಿರವಾಯಿತು. ಜಟಕಾಗಳು, ಸೈಕಲ್ಲುಗಳು, ಹತ್ತಿಯ ಅಂಡಿಗೆ ಹೇರಿದ ಲಾರಿಗಳು ನಮ್ಮ ಸುತ್ತ ಸೇರಿಕೊಂಡವು. ದೊಡ್ಡ ಸರ್ಕಲ್ಲಿನಲ್ಲಿ ಪೊಲೀಸಿನವನು ನಮ್ಮ ಕಡೆಗೆ ಅಂಗೈ ತೋರಿಸಿ ನಿಲ್ಲಿಸಿದ. ನನ್ನ ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸು. ಎಕ್ಸಲೇಟರಿನಿಂದ ಕಾಲು ತೆಗೆದೆ. ಇಲ್ಲೇನಾದರೂ ಆರಿದರೆ ಊರೆಲ್ಲ ನೋಡುತ್ತದೆ ಎಂದುಕೊಂಡೆ.

ಆರಲಿಲ್ಲ. ಸ್ಟೇರಿಂಗಿನಲ್ಲಿ ಸಣ್ಣಗೆ, ಒಂದೇ ಸಮನೆ ನಡುಗುತ್ತ ಎಂಜಿನ್ ನನ್ನ ಮಾತಿಗೆ ಕಾಯುತ್ತಿತ್ತು. ಪೊಲೀಸಿನವನು ನನ್ನನ್ನು ಕಂಡ, ಕಲಿಕೆಯ ಬೋರ್ಡನ್ನು ಕಂಡ, ಹೊರಚಾಚಿದ ಪ್ಲಾಸ್ಟರನ್ನು ಕಂಡ. ಕೈ ಕೆಳಗಿಳಿಸುವುದನ್ನು ಮರೆತು ನೋಡುತ್ತಲೇ ನಿಂತ. ಹಿಂದಿನ ಲಾರಿಯವನು ಹಾರ್ನು ಹೊಡೆದ. ಆಗ ಎಚ್ಚೆತ್ತು ಕೈ ಬೀಸಿದ, ನಮಗಾಗಿಯೇ ಎಂಬಂತೆ, ಉದ್ದಕ್ಕೆ, ದೊಡ್ಡದಾಗಿ.

"ನಡಿಯವ್ವ" ಎಂದರು ಅತ್ತೆ.

ನಾನು ಗೇರು ಹಾಕಿದೆ. ಜೀಪು ಒಂದು ಬಾರಿಯೂ ಮುಗ್ಗರಿಸದೆ ಸರ್ಕಲ್ಲು ಬಳಸಿಕೊಂಡು ಪೇಟೆಯೊಳಗೆ ನುಗ್ಗಿತು.